ಸಾಷ್ಟಿ ದ್ವೀಪಕ್ಕಾಗಿ ಶುರುವಾದ ಯುದ್ಧ: ಮರಾಠರು, ಹೈದರ್ ಅಲಿ, ನಿಜಾಮ ಒಂದಾಗಿದ್ದು ಹೇಗೆ?

ಇಂದಿನ ಬಾಂದ್ರಾ, ಅಂಧೇರಿ, ಬೊರಿವಲಿ, ಮುಲುಂಡ್, ಥಾಣೆ ಎಲ್ಲವೂ ಇರುವುದು ಸಾಷ್ಟಿ ಎಂಬ ದ್ವೀಪದ ಮೇಲೆ. ಇಂಗ್ಲಿಷರು ಇದನ್ನು ಸಾಲ್ಸೆಟ್ ಎಂದರು. ದೇಶದಲ್ಲೇ ಅತಿ ದುಬಾರಿ ಎನಿಸಿಕೊಂಡಿರುವ ಈ ಜಾಗಕ್ಕಾಗಿ 18ನೇ ಶತಮಾನದಲ್ಲಿ ಏಳು ವರ್ಷ ಯುದ್ಧ ನಡೆದಿತ್ತು. ಅದೇ ಮೊದಲ ಆಂಗ್ಲೋ-ಮರಾಠಾ ಯುದ್ಧ (1775-1782). ಇದರ ಕಿಡಿ ಮೈಸೂರಿಗೂ, ಬಿದನೂರು, ಮಂಗಳೂರಿಗೂ ಹಾರಿತು.

1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಾಯಿ ಕೋಟೆಯನ್ನು ಗೆದ್ದ ಮೇಲೆ ಸಾಷ್ಟಿ ಪೂರ್ತಿ ಮರಾಠರ ಕೈಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಬಳಿ ಇದ್ದದ್ದು ಮಾಹಿಮ್, ಸಯಾನ್‌ಗೆ ಮುಗಿದುಹೋಗುವ ಪುಟ್ಟ ಬಾಂಬೆ ಮಾತ್ರ. ಆದಾಯ ಕಡಿಮೆ, ಖರ್ಚು ಜಾಸ್ತಿ. ಬಂಗಾಳದಿಂದ ಹಣ ಬಾರದಿದ್ದರೆ ಆಡಳಿತ ನಡೆಯುವುದೇ ಕಷ್ಟ. ಬಂದರಿನ ಭದ್ರತೆಗೆ ಪಕ್ಕದ ಸಾಷ್ಟಿ ಬೇಕೇ ಬೇಕು ಎಂಬುದು ಬಾಂಬೆ ಕೌನ್ಸಿಲ್‌ನ ಹಳೆಯ ಆಸೆಯಾಗಿತ್ತು.

ಅವಕಾಶ ಬಂದದ್ದು ಪುಣೆಯ ಮನೆಜಗಳದಿಂದ. 1773ರ ಆಗಸ್ಟ್ 30ರಂದು ಶನಿವಾರವಾಡೆಯಲ್ಲಿ ಯುವ ಪೇಶ್ವೆ ನಾರಾಯಣರಾವ್ ಕೊಲೆಯಾದ. ಚಿಕ್ಕಪ್ಪ ರಘುನಾಥರಾವ್, ಅಂದರೆ ರಾಘೋಬಾ, ಪೇಶ್ವೆಯಾದ. ಆದರೆ ನಾನಾ ಫಡ್ನವೀಸ್, ಸಖಾರಾಮ್ ಬಾಪು ಮೊದಲಾದವರ 'ಬಾರ್‌ಭಾಯಿ' ಕೂಟ ಅವನನ್ನು ಒಪ್ಪಲಿಲ್ಲ. 1774ರ ಏಪ್ರಿಲ್‌ನಲ್ಲಿ ನಾರಾಯಣರಾವ್ ವಿಧವೆ ಗಂಗಾಬಾಯಿಗೆ ಗಂಡು ಮಗು ಹುಟ್ಟಿತು. ಕೂಟ ಆ ಹಸುಗೂಸನ್ನೇ ಪೇಶ್ವೆ ಎಂದು ಘೋಷಿಸಿತು.

ಬೆಂಬಲ ಹುಡುಕಿ ಹೊರಟ ರಾಘೋಬಾ ಮೊದಲು ಹೈದರ್ ಅಲಿ ಜತೆ ಕೈ ಜೋಡಿಸಿದ, ನಂತರ ಬಾಂಬೆಯ ಬಾಗಿಲು ತಟ್ಟಿದ. ಗವರ್ನರ್ ವಿಲಿಯಂ ಹಾರ್ನ್‌ಬಿ ಅಷ್ಟರವರೆಗೆ ಕಾಯಲೇ ಇಲ್ಲ. ಸಾಷ್ಟಿಯನ್ನು ಮತ್ತೆ ಗೆಲ್ಲಲು ಪೋರ್ಚುಗೀಸರು ಬರುತ್ತಿದ್ದಾರೆಂಬ ಸುದ್ದಿಯನ್ನೇ ನೆಪ ಮಾಡಿಕೊಂಡು 1774ರ ಡಿಸೆಂಬರ್ ಕೊನೆಯಲ್ಲಿ ಥಾಣೆ ಕೋಟೆಯ ಮೇಲೆ ದಾಳಿ ಮಾಡಿಸಿದ. ದ್ವೀಪ ಕೈಗೆ ಬಂತು. 1775ರ ಮಾರ್ಚ್‌ನ ಸೂರತ್ ಒಪ್ಪಂದ ಬಂದದ್ದು ಆಮೇಲೆ. ರಾಘೋಬಾಗೆ 2,500 ಸೈನಿಕರ ನೆರವು, ಬದಲಿಗೆ ಕಂಪನಿಗೆ ಸಾಷ್ಟಿ ಮತ್ತು ವಸಾಯಿ.

ಮೇ ತಿಂಗಳಲ್ಲಿ ಗುಜರಾತಿನ ಅಡಾಸ್‌ನಲ್ಲಿ ಮೊದಲ ದೊಡ್ಡ ಕಾಳಗ ನಡೆಯಿತು. ಅಷ್ಟರಲ್ಲಿ ಕಲ್ಕತ್ತಾ ಕೌನ್ಸಿಲ್ ಸಿಡಿಮಿಡಿಗೊಂಡಿತು. ತಮ್ಮನ್ನು ಕೇಳದೆ ಮಾಡಿದ ಒಪ್ಪಂದ ಸಲ್ಲದು ಎಂದು 1776ರ ಮಾರ್ಚ್ 1ರಂದು ಪುಣೆ ದರ್ಬಾರಿನ ಜತೆ ಪುರಂದರ ಒಪ್ಪಂದ ಮಾಡಿಕೊಂಡಿತು. ರಾಘೋಬಾನನ್ನು ಕೈಬಿಡಬೇಕೆಂದು ಅದರಲ್ಲಿತ್ತು. ಬಾಂಬೆ ಅದನ್ನು ಪಾಲಿಸಲಿಲ್ಲ, ಅವನಿಗೆ ಆಶ್ರಯ ಕೊಟ್ಟಿತು. 1777ರಲ್ಲಿ ಸೇಂಟ್ ಲೂಬಿನ್ ಎಂಬ ಫ್ರೆಂಚ್ ಪ್ರತಿನಿಧಿ ಪುಣೆಗೆ ಬಂದಾಗ ಕಲ್ಕತ್ತಾಗೂ ದಿಗಿಲಾಯಿತು. ಮರುವರ್ಷ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ಬ್ರಿಟನ್ ವಿರುದ್ಧ ನಿಂತಿತು. ಸಾಷ್ಟಿಯ ಜಗಳ ಈಗ ಜಾಗತಿಕ ಪೈಪೋಟಿಯ ಒಂದು ತುಣುಕಾಯಿತು.

1778ರ ನವೆಂಬರ್‌ನಲ್ಲಿ ಸುಮಾರು 3,900 ಸೈನಿಕರ ಬಾಂಬೆ ಪಡೆ ರಾಘೋಬಾನನ್ನು ಪುಣೆಯ ಗದ್ದುಗೆಗೆ ಏರಿಸಲು ಹೊರಟಿತು. ಜತೆಗೆ ಸುಮಾರು 19,000 ಎತ್ತುಗಳು! ಭೋರ್ ಘಾಟ್ ಹತ್ತಿದ ಮೇಲೆ ದಿನಕ್ಕೆ ಒಂದೆರಡು ಮೈಲಿ ಸಾಗಿದರೆ ಹೆಚ್ಚು ಎಂಬ ಸ್ಥಿತಿ. ಮುಂಬೈ-ಪುಣೆ ಹೆದ್ದಾರಿಯಲ್ಲಿ ಇಂದು ಗಂಟೆಯೊಳಗೆ ದಾಟುವ ದಾರಿಯದು. ಕಾರ್ಲಾ ಬಳಿ ಕ್ಯಾಪ್ಟನ್ ಜೇಮ್ಸ್ ಸ್ಟುವರ್ಟ್ ಸತ್ತ. ಅವನ ಧೈರ್ಯವನ್ನು ಮೆಚ್ಚಿದ ಮರಾಠರು ಅವನನ್ನು 'ಇಷ್ಟೂರ್ ಫಾಕಡಾ' ಎಂದು ಕರೆದರು. ಶತ್ರುವಿಗೆ ಸಿಕ್ಕ ಅಪರೂಪದ ಬಿರುದು ಅದು.

ತಳೆಗಾಂವ್ ತಲುಪುವಷ್ಟರಲ್ಲಿ ಮರಾಠರು ಊರನ್ನೇ ಸುಟ್ಟು ಮೇವು, ಧಾನ್ಯ ಸಿಗದಂತೆ ಮಾಡಿದ್ದರು. ಪುಣೆ ಇನ್ನು ಕೆಲವೇ ಮೈಲಿ ದೂರವಿದ್ದಾಗ ಇಂಗ್ಲಿಷ್ ಪಡೆ ದೊಡ್ಡ ತೋಪುಗಳನ್ನು ಕೆರೆಗೆ ತಳ್ಳಿ ರಾತ್ರೋರಾತ್ರಿ ಹಿಂದಿರುಗಿತು. ಮಹಾದಜಿ ಶಿಂಧೆ ಮತ್ತು ತುಕೋಜಿ ಹೋಳ್ಕರ್ ವಡಗಾಂವ್‌ನಲ್ಲಿ ಸುತ್ತುವರಿದರು. 1779ರ ಜನವರಿಯಲ್ಲಿ ಬಾಂಬೆ ಪಡೆ ಶರಣಾಯಿತು. 1773ರಿಂದ ಗಳಿಸಿದ ಎಲ್ಲ ಪ್ರದೇಶವನ್ನು, ಸಾಷ್ಟಿಯನ್ನೂ, ಬಿಟ್ಟುಕೊಡುವುದಾಗಿ ಸಹಿ ಬಿತ್ತು. ಬಾಂಬೆ ಮತ್ತು ಕಲ್ಕತ್ತಾ ಎರಡೂ ಆ ಸಹಿಯನ್ನು ತಿರಸ್ಕರಿಸಿದವು.

ಈಗ ನಾನಾ ಫಡ್ನವೀಸ್ ಎದುರಾಳಿ ಕೂಟ ಕಟ್ಟಿದ. 1780ರ ಹೊತ್ತಿಗೆ ಪುಣೆ, ಹೈದರ್ ಅಲಿ, ಹೈದರಾಬಾದ್ ನಿಜಾಮ, ನಾಗಪುರದ ಭೋಸಲೆ ನಾಲ್ವರೂ ಕಂಪನಿ ವಿರುದ್ಧ ಒಂದಾದರು. 1771ರಲ್ಲಿ ಚಿನಕುರಳಿಯಲ್ಲಿ ಮರಾಠರಿಂದಲೇ ಸೋತಿದ್ದ ಹೈದರ್ ಅವರ ಪಾಳಯಕ್ಕೆ ಬಂದದ್ದು ಸುಮ್ಮನೆ ಅಲ್ಲ. 1769ರ ಒಪ್ಪಂದದಂತೆ ನೆರವಿಗೆ ಬಾರದ ಇಂಗ್ಲಿಷರ ಮೇಲೆ ಅವನಿಗೆ ಸಿಟ್ಟಿತ್ತು. 1779ರಲ್ಲಿ ಅವರು ಮಾಹೆ ಬಂದರನ್ನು ವಶಪಡಿಸಿಕೊಂಡದ್ದು ಗಾಯಕ್ಕೆ ಉಪ್ಪು ಸವರಿತು. ಜತೆಗೆ ತುಂಗಭದ್ರೆ-ಕೃಷ್ಣೆ ನಡುವೆ ತಾನು ಗೆದ್ದಿದ್ದ ನೆಲಕ್ಕೆ ಮರಾಠರ ಒಪ್ಪಿಗೆಯೂ ಸಿಕ್ಕಿತು. 1780ರ ಜುಲೈನಲ್ಲಿ ಅವನು ಆರ್ಕಾಟ್ ಸೀಮೆಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು.

ಆದರೆ ಕೂಟ ಗಟ್ಟಿಯಾಗಿರಲಿಲ್ಲ. ಗುಂಟೂರು ಮರಳಿ ಸಿಗುತ್ತಲೇ ನಿಜಾಮ ತಣ್ಣಗಾದ. ಕಂಪನಿಯ ಹಣ ಭೋಸಲೆಯ ಪಡೆಯನ್ನು ಒಡಿಶಾದಲ್ಲೇ ತಡೆಯಿತು. ಬಂಗಾಳದಿಂದ ದೇಶವನ್ನು ಅಡ್ಡ ಹಾಯ್ದು ಬಂದ ಜನರಲ್ ಗೊಡಾರ್ಡ್ 1780ರ ಫೆಬ್ರವರಿಯಲ್ಲಿ ಅಹಮದಾಬಾದ್, ಡಿಸೆಂಬರ್‌ನಲ್ಲಿ ವಸಾಯಿ ಗೆದ್ದ. ಅದೇ ಗೊಡಾರ್ಡ್ 1781ರಲ್ಲಿ ಭೋರ್ ಘಾಟ್ ಏರಿ ಪುಣೆಯನ್ನು ಬೆದರಿಸಲು ಹೋಗಿ, ಏಟು ತಿಂದು ಪನ್ವೇಲ್‌ಗೆ ಇಳಿದ.

1782ರ ಮೇ 17ರಂದು ಮಹಾದಜಿ ಮಧ್ಯಸ್ಥಿಕೆಯಲ್ಲಿ ಸಾಲ್ಬಾಯಿ ಒಪ್ಪಂದವಾಯಿತು. ಸಾಷ್ಟಿ ಇಂಗ್ಲಿಷರಿಗೆ, ವಸಾಯಿ ಮರಾಠರಿಗೆ, ರಾಘೋಬಾಗೆ ತಿಂಗಳಿಗೆ 25,000 ರೂಪಾಯಿ ಪಿಂಚಣಿ. ಹೈದರ್ ಗೆದ್ದ ಆರ್ಕಾಟ್ ಸೀಮೆಯನ್ನು ಅವನು ಬಿಟ್ಟುಕೊಡಬೇಕೆಂಬ ಷರತ್ತನ್ನೂ ಅವನ ಒಪ್ಪಿಗೆಯಿಲ್ಲದೆ ಸೇರಿಸಲಾಗಿತ್ತು. ನಾನಾ ಮುದ್ರೆ ಒತ್ತದೆ ಕಾಯ್ದ. ಅದು ಬಿದ್ದದ್ದು ಡಿಸೆಂಬರ್ 7ರಂದು ಹೈದರ್ ತೀರಿಕೊಂಡ ಮೇಲೆ.

ಮರಾಠರ ಕಾಟ ತಪ್ಪಿದ ಬಾಂಬೆ ತನ್ನ ಸೈನ್ಯವನ್ನು ಕನ್ನಡ ಕರಾವಳಿಯತ್ತ ತಿರುಗಿಸಿತು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದು, ಮ್ಯಾಥ್ಯೂಸ್‌ನನ್ನು ಸೆರೆ ಹಿಡಿದು, ಮಂಗಳೂರಿಗೆ ಮುತ್ತಿಗೆ ಹಾಕಿದ. ಪರಸ್ಪರ ಗೆದ್ದ ನೆಲವನ್ನು ಹಿಂದಿರುಗಿಸುವ ಮಂಗಳೂರು ಒಪ್ಪಂದಕ್ಕೆ 1784ರ ಮಾರ್ಚ್ 11ರಂದು ಸಹಿ ಬಿತ್ತು.