ಹಳೆಯ ಲ್ಯಾಪ್‌ಟಾಪ್‌ಗಳ ಪರದೆ ದೋಷಗಳು

ಹಳೆಯ ಲ್ಯಾಪ್‌ಟಾಪಿನ ಪರದೆ ಕಪ್ಪಾಗುವುದಕ್ಕೆ, ಮಿನುಗುವುದಕ್ಕೆ ಅಥವಾ ಗೆರೆಗಳಿಂದ ತುಂಬುವುದಕ್ಕೆ ಪ್ಯಾನೆಲ್, ಅದರ ಹಿಂಬದಿಯ ಬೆಳಕು, ಕೇಬಲ್ ಅಥವಾ ಚಿತ್ರವನ್ನು ರೂಪಿಸುವ ಗ್ರಾಫಿಕ್ಸ್ ಚಿಪ್ ಕಾರಣವಾಗಿರುತ್ತದೆ. ಹೊರಗಿನ ಮಾನಿಟರನ್ನು ಜೋಡಿಸಿದಾಗ ಅಲ್ಲಿ ಚಿತ್ರ ಸರಿಯಾಗಿ ಮೂಡಿದರೆ ಚಿಪ್ ಬಹುಮಟ್ಟಿಗೆ ಸುಸ್ಥಿತಿಯಲ್ಲಿದೆಯೆಂದೂ, ಅಲ್ಲಿಯೂ ಅದೇ ಗೆರೆಗಳು ಕಂಡರೆ ದೋಷವು ಚಿಪ್ಪಿನಲ್ಲಿ ಅಥವಾ ಅದನ್ನು ನಡೆಸುವ ತಂತ್ರಾಂಶದಲ್ಲಿದೆಯೆಂದೂ ತಿಳಿಯಬಹುದು. ಪರೀಕ್ಷೆಗಳಲ್ಲೆಲ್ಲ ಇದೇ ಮೊದಲಿನದಾಗಬೇಕು. ಕಪ್ಪು ಪರದೆಯ ಮೇಲೆ ಓರೆಯಾಗಿ ಟಾರ್ಚ್ ಹಿಡಿದಾಗ ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಹಿಂಬದಿಯ ಬೆಳಕು. ಎಲ್‌ಇಡಿ ಬಳಕೆಗೆ ಬರುವ ಮುಂಚಿನ ಮಾದರಿಗಳಲ್ಲಿ ಈ ಬೆಳಕನ್ನು ತೆಳುವಾದ ಫ್ಲೋರೊಸೆಂಟ್ ಕೊಳವೆ ನೀಡುತ್ತಿದ್ದು, ಅದಕ್ಕೆ ನೂರಾರು ವೋಲ್ಟ್ ಒದಗಿಸುವ ಪುಟ್ಟ ಫಲಕವನ್ನು ಇನ್ವರ್ಟರ್ ಎನ್ನುತ್ತಾರೆ. ಮನೆಗಳಲ್ಲಿರುವ ಇನ್ವರ್ಟರ್ ಬೇರೆ. ಮುಚ್ಚಳವನ್ನು ಅಲುಗಾಡಿಸಿದಂತೆ ಚಿತ್ರ ಬಂದು ಹೋಗುತ್ತಿದ್ದರೆ ಹಿಂಜಿನ ಬಳಿ ಮಡಿಕೆಯಾಗಿ ಸವೆದ ಕೇಬಲನ್ನು ಸಂಶಯಿಸಬೇಕು.

ಬಹುತೇಕ ಲ್ಯಾಪ್‌ಟಾಪ್‌ಗಳನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಪರಿಸರಕ್ಕೆಂದು ರೂಪಿಸಲಾಗಿದ್ದು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಫ್ಯಾನಿನ ದಾರಿಯನ್ನು ಧೂಳು ಮುಚ್ಚಿದರೆ ಚಿಪ್ ಅತಿಯಾಗಿ ಕಾದು, ಅದರ ಬೆಸುಗೆ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಆದ್ದರಿಂದ ಇಲ್ಲಿ ಫ್ಯಾನ್ ಸ್ವಚ್ಛಗೊಳಿಸುವುದು ಪರದೆಯ ಆರೈಕೆಯ ಭಾಗವೇ ಆಗಿದೆ. ಚಾರ್ಜರ್, ಬ್ಯಾಟರಿಗಳೆರಡನ್ನೂ ಬೇರ್ಪಡಿಸದೆ ಯಂತ್ರವನ್ನು ಬಿಚ್ಚಬಾರದು. ಒಂದೇ ಅಳತೆಯ ಪ್ಯಾನೆಲ್‌ಗಳಲ್ಲಿಯೂ 30 ಮತ್ತು 40 ಪಿನ್‌ಗಳ ಭೇದವಿರುವುದರಿಂದ, ಹೊಸದನ್ನು ಕೊಳ್ಳುವ ಮುನ್ನ ಹಳೆಯ ಪ್ಯಾನೆಲ್ಲಿನ ಹಿಂಬದಿಯಲ್ಲಿ ಅಚ್ಚಾದ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಬೇಕು.