ರಾಮಪುರದಿಂದ ಹೊರಟ ಪದ: ಭಾರತದ ರಾಜಕೀಯ ಸಂಶೋಧನೆ ನಡೆದುಬಂದ ದಾರಿ

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಹೋಟೆಲಿನ ಕಾಫಿ ಮೇಜಿನ ಸುತ್ತ ತಪ್ಪದೆ ಕಿವಿಗೆ ಬೀಳುವ ಮಾತು 'ವೋಟ್ ಬ್ಯಾಂಕ್'. ಇಂಥ ಜಾತಿ ಇಂಥ ಪಕ್ಷದ ವೋಟ್ ಬ್ಯಾಂಕ್ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈ ಪದದ ತವರು ಮೈಸೂರಿನ ಹತ್ತಿರದ ಒಂದು ಹಳ್ಳಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಬರಹದಲ್ಲಿ ಆ ಊರಿಗೆ 'ರಾಮಪುರ' ಎಂಬ ಹೆಸರು ಕೊಟ್ಟರು. 1955ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ 'ವೋಟ್ ಬ್ಯಾಂಕ್' ಮೊದಲು ಕಾಣಿಸಿಕೊಂಡಿತು. ಸಾಲ, ಗೇಣಿ, ಕೂಲಿಯ ಋಣದಿಂದ ಊರ ಯಜಮಾನನ ಮಾತಿಗೆ ಕಟ್ಟುಬಿದ್ದ ಮತಗಳ ಗಂಟು ಎಂಬುದು ಅವರ ಅರ್ಥ. ಆ ಗಂಟಿನ ಕೀಲಿ ಯಜಮಾನನ ಕೈಯಲ್ಲಿತ್ತು, ಅಭ್ಯರ್ಥಿ ಅವನ ಜಗಲಿಗೆ ಬಂದು ಕೇಳಬೇಕಾಗಿತ್ತು. ಇಂದು ಅದೇ ಪದವನ್ನು ಇಡೀ ಸಮುದಾಯವೊಂದರ ಮೇಲೆ ಹೊರಿಸುತ್ತೇವೆ. ಯಜಮಾನ ಮರೆಯಾಗಿದ್ದಾನೆ, ಆಪಾದನೆ ಮತದಾರನ ತಲೆಗೆ ಬಂದಿದೆ. ಭಾರತದ ರಾಜಕೀಯವನ್ನು ವಿದ್ವಾಂಸರು ಹೇಗೆ ಅಭ್ಯಾಸ ಮಾಡುತ್ತ ಬಂದರೆಂದು ತಿಳಿಯಲು ಈ ಪದದ ಬೆನ್ನು ಹಿಡಿದು ಹೋಗುವುದು ಒಳ್ಳೆಯ ದಾರಿ.

ಸಂವಿಧಾನದ ಪುಟಗಳಲ್ಲಿ

ಸ್ವಾತಂತ್ರ್ಯ ಬಂದಾಗ ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರವೆಂದರೆ ಪ್ಲೇಟೋ, ಅರಿಸ್ಟಾಟಲ್, ಬ್ರಿಟಿಷ್ ಸಂಸತ್ತು, ಮತ್ತು ಹೊಸ ಸಂವಿಧಾನದ ವಿಧಿಗಳು. ಆರಂಭದ ಗಂಭೀರ ಸಂಶೋಧನೆಯೂ ಸಂಸ್ಥೆಗಳ ಸುತ್ತಲೇ ಬೆಳೆಯಿತು. ಡಬ್ಲ್ಯು.ಎಚ್. ಮೋರಿಸ್-ಜೋನ್ಸ್ ಸಂಸತ್ತನ್ನು ಕುರಿತು 1957ರಲ್ಲಿ ಗ್ರಂಥ ಬರೆದರು. ಸಂವಿಧಾನ ರಚನೆಯಾದ ಬಗೆಯನ್ನು ಗ್ರಾನ್‌ವಿಲ್ ಆಸ್ಟಿನ್ 1966ರಲ್ಲಿ ಕಟ್ಟಿಕೊಟ್ಟರು. ಇವು ಇಂದಿಗೂ ಓದಬೇಕಾದ ಕೃತಿಗಳೇ. ಆದರೆ ವಯಸ್ಕರೆಲ್ಲರಿಗೂ ಮತ ಸಿಕ್ಕ ಮೇಲೆ ಹಳ್ಳಿಯಲ್ಲಿ ಏನು ನಡೆಯುತ್ತಿದೆ ಎಂಬ ಪ್ರಶ್ನೆಗೆ ಸಂವಿಧಾನದ ಪುಟಗಳಲ್ಲಿ ಉತ್ತರವಿರಲಿಲ್ಲ.

ಆ ಉತ್ತರ ಬಂದದ್ದು ರಾಮಪುರದಂಥ ಊರುಗಳಿಂದ. 'ಪ್ರಬಲ ಜಾತಿ' ಎಂಬ ಶ್ರೀನಿವಾಸರ ಇನ್ನೊಂದು ಪರಿಕಲ್ಪನೆಯೂ ಅಲ್ಲಿಯದೇ. ಆ ಊರಿನಲ್ಲಿ ಒಕ್ಕಲಿಗರ ಸಂಖ್ಯೆ ದೊಡ್ಡದು, ಜಮೀನು ಅವರ ಕೈಯಲ್ಲಿತ್ತು, ನ್ಯಾಯಪಂಚಾಯಿತಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಮಡಿಮೈಲಿಗೆಯ ಏಣಿಯಲ್ಲಿ ಬ್ರಾಹ್ಮಣರು ಮೇಲಿದ್ದರೂ ಊರು ನಡೆಯುತ್ತಿದ್ದುದು ಒಕ್ಕಲಿಗರ ಮಾತಿನಂತೆ. ಜಾತಿಯೆಂದರೆ ಧರ್ಮಶಾಸ್ತ್ರದ ವಿಷಯವೆಂದು ನಂಬಿದ್ದ ವಿದ್ವತ್ಲೋಕಕ್ಕೆ ಅದು ಭೂಮಿ, ಸಂಖ್ಯೆ, ಅಧಿಕಾರಗಳ ವಿಷಯವೂ ಹೌದೆಂದು ಈ ಬರಹಗಳು ತೋರಿಸಿದವು.

ಈ ಅಧ್ಯಯನಕ್ಕೆ ಒದಗಿದ ಆಪತ್ತನ್ನೂ ಹೇಳಬೇಕು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಶ್ರೀನಿವಾಸರು ಆಗ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಶ್ರೀನಿವಾಸರ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪನ್ನೇ ನೆಚ್ಚಿ ಊರನ್ನು ಮತ್ತೆ ಕಟ್ಟಿದರು. 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್' ಹೀಗೆ ಬೂದಿಯಿಂದ ಎದ್ದ ಪುಸ್ತಕ.

ಪಕ್ಷ ಎಂಬ ವ್ಯವಸ್ಥೆ

ಹಳ್ಳಿಯ ಯಜಮಾನನಿಗೂ ದಿಲ್ಲಿಯ ಮಂತ್ರಿಗೂ ನಡುವಿನ ಸೇತುವೆ ಯಾವುದು? 1960ರ ದಶಕದ ಸಂಶೋಧನೆ ಕೈಗೆತ್ತಿಕೊಂಡ ಪ್ರಶ್ನೆ ಇದು. ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ 1963ರಲ್ಲಿ ದಿಲ್ಲಿಯಲ್ಲಿ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರವನ್ನು (ಸಿಎಸ್‌ಡಿಎಸ್) ಸ್ಥಾಪಿಸಿದರು. ಮರುವರ್ಷ ಅವರು 'ಕಾಂಗ್ರೆಸ್ ವ್ಯವಸ್ಥೆ' ಎಂಬ ವಿಚಾರವನ್ನು ಮುಂದಿಟ್ಟರು. ಕಾಂಗ್ರೆಸ್ಸಿನೊಳಗಿನ ಬಣಗಳೇ ಪರಸ್ಪರ ಪೈಪೋಟಿ ನಡೆಸುತ್ತವೆ, ಹೊರಗಿನ ವಿರೋಧ ಪಕ್ಷಗಳು ಆ ಬಣಗಳ ಮೂಲಕ ಒತ್ತಡ ಹೇರುತ್ತವೆ, ಹೀಗಾಗಿ ಒಂದೇ ಪಕ್ಷ ಆಳಿದರೂ ಪ್ರಜಾಪ್ರಭುತ್ವ ಉಸಿರಾಡುತ್ತದೆ ಎಂಬುದು ಅವರ ವಾದ. 1970ರಲ್ಲಿ ಅವರು ಸಂಪಾದಿಸಿದ ಗ್ರಂಥ ಇನ್ನೊಂದು ನಂಬಿಕೆಯನ್ನು ಅಲುಗಿಸಿತು. ಜಾತಿ ರಾಜಕೀಯವನ್ನು ಕೆಡಿಸಿತೆಂದು ಗೋಳಾಡುವವರಿಗೆ, ರಾಜಕೀಯವೂ ಜಾತಿಯನ್ನು ಬದಲಿಸುತ್ತಿದೆ ನೋಡಿ ಎಂದು ಅದು ಉತ್ತರ ಕೊಟ್ಟಿತು.

ಇದೇ ಹೊತ್ತಿಗೆ ಅಮೆರಿಕದ ಮೈರನ್ ವೀನರ್ ಕಾಂಗ್ರೆಸ್ ಪಕ್ಷ ನೆಲಮಟ್ಟದಲ್ಲಿ ಹೇಗೆ ಬೇರುಬಿಟ್ಟಿದೆ ಎಂದು ಐದು ಕಡೆ ಹುಡುಕಿ 1967ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಐದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಒಂದು.

ರಾಜ್ಯಗಳ ಕಡೆ ತಿರುಗಿದ ನೋಟ

1967ರ ಚುನಾವಣೆಯಲ್ಲಿ ಹಲವು ರಾಜ್ಯಗಳು ಕಾಂಗ್ರೆಸ್ಸಿನ ಕೈತಪ್ಪಿದವು. 1969ರಲ್ಲಿ ಪಕ್ಷವೇ ಒಡೆಯಿತು, 1975ರಲ್ಲಿ ತುರ್ತುಪರಿಸ್ಥಿತಿ ಬಂತು. ಒಂದು ಸೂತ್ರದಲ್ಲಿ ಇಡೀ ದೇಶವನ್ನು ವಿವರಿಸುವ ಧೈರ್ಯ ವಿದ್ವಾಂಸರಲ್ಲಿ ಉಳಿಯಲಿಲ್ಲ. ಒಂದೊಂದು ರಾಜ್ಯವನ್ನೂ ಅದರದೇ ಚರಿತ್ರೆಯೊಳಗಿಟ್ಟು ನೋಡುವ ಕೆಲಸ ಶುರುವಾಯಿತು.

ಕರ್ನಾಟಕದ ಮಟ್ಟಿಗೆ ಈ ಕಾಲ ಸಮೃದ್ಧವಾದದ್ದು. ಜೇಮ್ಸ್ ಮೇನರ್ 1977ರಲ್ಲಿ, 1917ರಿಂದ 1955ರವರೆಗಿನ ಮೈಸೂರಿನ ರಾಜಕೀಯವನ್ನು ಬರೆದರು. ಅರಮನೆ ಮತ್ತು ಸರ್ಕಾರದ ಆಡಳಿತ ಕೇಂದ್ರವಾಗಿದ್ದ ಅಠಾರಾ ಕಚೇರಿಯ ರಾಜಕೀಯ ಒಂದು ಲೋಕ, ಹಳ್ಳಿಯ ರಾಜಕೀಯ ಇನ್ನೊಂದು ಲೋಕವಾಗಿದ್ದ ಸಂಸ್ಥಾನದಲ್ಲಿ ಇವೆರಡೂ ಹೇಗೆ ಬೆಸೆದುಕೊಂಡವು ಎಂಬುದು ಅದರ ಕಥೆ. ಅತುಲ್ ಕೊಹ್ಲಿ 1987ರ ಗ್ರಂಥದಲ್ಲಿ ಪಶ್ಚಿಮ ಬಂಗಾಳ, ಉತ್ತರ ಪ್ರದೇಶ, ಕರ್ನಾಟಕಗಳನ್ನು ಹೋಲಿಸಿ, ಯಾವ ಬಗೆಯ ಆಡಳಿತ ಬಡವರ ಕೈಹಿಡಿಯುತ್ತದೆ ಎಂದು ಕೇಳಿದರು. ದೇವರಾಜ ಅರಸರ ಕಾಲದ ಭೂಸುಧಾರಣೆ, ಹಿಂದುಳಿದ ವರ್ಗಗಳನ್ನು ಕುರಿತ ಹಾವನೂರು ಆಯೋಗ, ಸಣ್ಣ ಜಾತಿಗಳನ್ನು ಒಗ್ಗೂಡಿಸಿದ ಬಗೆ ಎಲ್ಲವೂ ಜಾಗತಿಕ ಚರ್ಚೆಯ ವಸ್ತುಗಳಾದವು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಇಂಥ ಅಧ್ಯಯನಗಳಿಗೆ ಇಲ್ಲಿಯೇ ನೆಲೆ ಒದಗಿಸಿತು.

ಆಗ ರಾಜ್ಯದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಪಂಚಾಯತ್ ಪ್ರಯೋಗವೂ ಹೀಗೆಯೇ ಹೊರಗಿನ ವಿದ್ವಾಂಸರ ಗಮನ ಸೆಳೆಯಿತು. 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ರಿಚರ್ಡ್ ಕ್ರೂಕ್ ಮತ್ತು ಮೇನರ್ 1998ರಲ್ಲಿ ಕರ್ನಾಟಕವನ್ನು ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್‌ಗಳ ಜೊತೆ ತೂಗಿ ನೋಡಿದರು. ಆ ತೂಕದಲ್ಲಿ ನಮ್ಮ ಪ್ರಯೋಗಕ್ಕೇ ಹೆಚ್ಚಿನ ಬೆಲೆ ಬಂತು.

ಮತದಾರನನ್ನೇ ಕೇಳಿದಾಗ

ಮತದಾರ ಏನು ಯೋಚಿಸುತ್ತಾನೆಂದು ಊಹಿಸುವುದನ್ನು ಬಿಟ್ಟು ಅವನನ್ನೇ ಕೇಳುವ ಕೆಲಸವನ್ನು ಸಿಎಸ್‌ಡಿಎಸ್ 1960ರ ದಶಕದಲ್ಲೇ ಆರಂಭಿಸಿತ್ತು. 1990ರ ದಶಕದಿಂದ ಅದರದೇ 'ಲೋಕನೀತಿ' ಬಳಗ ಅದನ್ನು ದೇಶವ್ಯಾಪಿಯಾಗಿ ಮುಂದುವರಿಸಿತು. ಈ ಸಮೀಕ್ಷೆಯ ಕ್ರಮವನ್ನು ಹತ್ತಿರದಿಂದ ನೋಡಬೇಕು. ಮತದಾರರ ಪಟ್ಟಿಯಿಂದ ನಿಯಮದ ಪ್ರಕಾರ ಹೆಸರುಗಳನ್ನು ಎತ್ತುತ್ತಾರೆ. ಸಿಕ್ಕವರನ್ನು ಕೇಳಿ ಬರುವಂತಿಲ್ಲ, ಆ ಹೆಸರಿನವರ ಮನೆಯನ್ನೇ ಹುಡುಕಿಕೊಂಡು ಹೋಗಬೇಕು. ಪ್ರಶ್ನೆಗಳು ಅವರ ಭಾಷೆಯಲ್ಲಿರುತ್ತವೆ. ಯಾರಿಗೆ ಮತ ಎಂಬ ಪ್ರಶ್ನೆ ಬಂದಾಗ ಚಿಹ್ನೆಗಳಿರುವ ಒಂದು ಚೀಟಿಯನ್ನು ಕೊಡುತ್ತಾರೆ. ಮತದಾರ ಗುಟ್ಟಾಗಿ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಹಾಕುತ್ತಾನೆ. ಗಂಡನ ಎದುರಾಗಲಿ, ಗೌಡರ ಎದುರಾಗಲಿ ಬಾಯಿಬಿಟ್ಟು ಹೇಳಬೇಕಾದ ಸಂಕಟ ಇರುವುದಿಲ್ಲ.

ಇದರಿಂದ ತಿಳಿದ ಸಂಗತಿ ದೊಡ್ಡದು. ಬಡವರು, ದಲಿತರು, ಹಳ್ಳಿಯವರು ನಗರದ ಉಳ್ಳವರಿಗೆ ಸಮನಾಗಿ, ಎಷ್ಟೋ ಸಲ ಅವರಿಗಿಂತ ಹೆಚ್ಚಾಗಿ ಮತಗಟ್ಟೆಗೆ ಬರುತ್ತಾರೆ. ಲೋಕನೀತಿ ಬಳಗದ ಯೋಗೇಂದ್ರ ಯಾದವ್ ಇದನ್ನು ಪ್ರಜಾಪ್ರಭುತ್ವದ ಎರಡನೆಯ ಅಲೆ ಎಂದು ಗುರುತಿಸಿದರು. ಯಾವುದೇ ಜಾತಿಯ ಮತಗಳು ಒಂದೇ ಪಕ್ಷಕ್ಕೆ ಇಡಿಯಾಗಿ ಬೀಳುವುದಿಲ್ಲ ಎಂಬುದೂ ಈ ಅಂಕಿಗಳಿಂದ ಮತ್ತೆ ಮತ್ತೆ ಸ್ಪಷ್ಟವಾಯಿತು.

ಕೇಳುವವರು ಯಾರು?

ಹೊಸ ಶತಮಾನದಲ್ಲಿ ಪ್ರಶ್ನೆ ಸಂಶೋಧಕರ ಕಡೆಗೇ ತಿರುಗಿತು. ಮುಖಂಡರ ಆಶ್ರಯದಲ್ಲಿದ್ದು ಊರನ್ನು ಕಂಡ ತಮಗೆ ದಲಿತರ ಕೇರಿ ದೂರವೇ ಉಳಿಯಿತೆಂಬ ಮಿತಿಯನ್ನು ಶ್ರೀನಿವಾಸರು ಗುರುತಿಸಿಕೊಂಡಿದ್ದರು. ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು 2002ರ ಲೇಖನದಲ್ಲಿ ಇನ್ನೂ ಕಟುವಾದ ಸತ್ಯವನ್ನು ಹೇಳಿದರು. ನಮ್ಮ ಸಮಾಜವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವುದು ಮೇಲ್ಜಾತಿಯವರ ಪಾಲು, ಮಾಹಿತಿ ಹೊತ್ತು ತರುವುದು ಉಳಿದವರ ಪಾಲು ಎಂಬ ವಿಂಗಡಣೆ ಇದೆ ಎಂದರು. ಮಂಗಳೂರು ವಿಶ್ವವಿದ್ಯಾಲಯದಲ್ಲೂ ಜೆಎನ್‌ಯುನಲ್ಲೂ ಪಾಠ ಹೇಳಿದ ವಲೇರಿಯನ್ ರೊಡ್ರಿಗಸ್ 2002ರಲ್ಲಿ ಅಂಬೇಡ್ಕರ್ ಬರಹಗಳ ಸಂಪುಟವನ್ನು ಹೊರತಂದರು. ಅಂಬೇಡ್ಕರರನ್ನು ಸಂವಿಧಾನ ಶಿಲ್ಪಿಯಾಗಿ ಮಾತ್ರವಲ್ಲದೆ ರಾಜಕೀಯ ಚಿಂತಕರಾಗಿ ಓದುವ ದಾರಿ ಇಂಥ ಕೆಲಸಗಳಿಂದ ಗಟ್ಟಿಯಾಯಿತು.

ವಿಧಾನಗಳೂ ಹರಿತವಾದವು. ಥ್ಯಾಡ್ ಡನ್ನಿಂಗ್ ಮತ್ತು ಜಾನ್ಹವಿ ನಿಲೇಕಣಿ ಕರ್ನಾಟಕ, ರಾಜಸ್ಥಾನ, ಬಿಹಾರಗಳ ಪಂಚಾಯಿತಿಗಳನ್ನು ಹೋಲಿಸಿದ ಅಧ್ಯಯನ 2013ರಲ್ಲಿ ಬಂತು. ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದರೆ ಸವಲತ್ತು ತಂತಾನೇ ಅವರ ಕಡೆ ಹರಿಯುತ್ತದೆ ಎಂಬುದಕ್ಕೆ ಅವರಿಗೆ ಬಲವಾದ ಆಧಾರ ಸಿಗಲಿಲ್ಲ. ಪಕ್ಷದ ನಂಟು ಜಾತಿಯ ಗೆರೆಯನ್ನು ದಾಟಿ ಹಂಚಿಕೆಯನ್ನು ನಿರ್ಧರಿಸುತ್ತಿತ್ತು. ಪರೋಮಿತಾ ಸಾನ್ಯಾಲ್ ಮತ್ತು ವಿಜಯೇಂದ್ರ ರಾವ್ ದಕ್ಷಿಣದ ಸುಮಾರು 300 ಗ್ರಾಮಸಭೆಗಳ ಮಾತುಕತೆಯನ್ನು ದಾಖಲಿಸಿ, 2019ರಲ್ಲಿ ಪುಸ್ತಕವಾಗಿಸಿದರು. ನೀರು, ರಸ್ತೆ, ಮನೆಗಾಗಿ ಎದ್ದುನಿಂತು ಕೇಳುವ ಸಾಮಾನ್ಯರ ಮಾತು ಅಲ್ಲಿ ಸಂಶೋಧನೆಯ ವಸ್ತುವಾಗಿದೆ.

ಎಪ್ಪತ್ತು ವರ್ಷಗಳ ಈ ದಾರಿಯನ್ನು ತಿರುಗಿ ನೋಡಿದರೆ ಒಂದು ಮಾತು ನಿಚ್ಚಳ. ಈ ಶಾಸ್ತ್ರ ಬೆಳೆದದ್ದು ಜನರ ಬಾಗಿಲಿಗೆ ಹೋಗಿ ಕೇಳಿದಾಗಲೆಲ್ಲ. ಆದರೆ ಕೊಡಗಹಳ್ಳಿಯಿಂದ ಗ್ರಾಮಸಭೆಯವರೆಗೆ ಕರ್ನಾಟಕದಲ್ಲಿ ಉತ್ತರ ಕೊಟ್ಟವರು ಕನ್ನಡದಲ್ಲಿ ಕೊಟ್ಟರು, ಅದರಿಂದ ಹುಟ್ಟಿದ ಜ್ಞಾನ ಬಹುಪಾಲು ಇಂಗ್ಲಿಷಿನಲ್ಲೇ ಉಳಿಯಿತು. ಪದ ಬಂದಷ್ಟು ಸಲೀಸಾಗಿ ಪುಸ್ತಕಗಳು ಕನ್ನಡಕ್ಕೆ ಬರಲಿಲ್ಲ. ಅದಕ್ಕೇ 'ವೋಟ್ ಬ್ಯಾಂಕ್' ತನ್ನ ತವರಿಗೆ ಅರ್ಥ ಕಳೆದುಕೊಂಡು ಮರಳಿತು. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಪ್ರಕಾಶಕರು ಕರ್ನಾಟಕವನ್ನು ಕುರಿತ ಈ ಅಧ್ಯಯನಗಳನ್ನು ಸಾಲಾಗಿ ಕನ್ನಡಕ್ಕೆ ತರಬೇಕು. ರಾಜ್ಯಶಾಸ್ತ್ರದ ಸಂಶೋಧಕರು ತಮ್ಮ ಕೆಲಸದ ಸಾರವನ್ನು ಕನ್ನಡದಲ್ಲಿ ಬರೆಯುವುದನ್ನು ಕರ್ತವ್ಯವೆಂದು ತಿಳಿಯಬೇಕು. ಉತ್ತರ ಕೊಟ್ಟವರಿಗೆ ಆ ಉತ್ತರದಿಂದ ಹುಟ್ಟಿದ ಪುಸ್ತಕವನ್ನು ಓದುವ ಹಕ್ಕಿದೆ.