ಆಧುನಿಕ ಡ್ರಮ್ ಸೆಟ್ಟಿನ ವಿಕಾಸ: ಒಂದು ಐತಿಹಾಸಿಕ ವಿವೇಚನೆ

ವಾದ್ಯಗಳ ಚರಿತ್ರೆಯನ್ನು ಕೇವಲ ನಾದಸೌಂದರ್ಯದ ಚರಿತ್ರೆಯೆಂದು ಭಾವಿಸುವುದು ವಾಡಿಕೆ. ಆದರೆ ವಾದ್ಯವು ವಾದಕನ ಜೀವನೋಪಾಯದ ಸಾಧನವೂ ಆಗಿರುವುದರಿಂದ, ಅದರ ಆಕಾರದ ಮೇಲೆ ಆಯಾ ಕಾಲದ ಆರ್ಥಿಕ ಸ್ಥಿತಿಯ ಮುದ್ರೆಯೂ ಬಿದ್ದಿರುತ್ತದೆ. ಅಮೆರಿಕದಲ್ಲಿ ರೂಪುಗೊಂಡ ಡ್ರಮ್ ಸೆಟ್ಟು ಇದಕ್ಕೆ ಒಳ್ಳೆಯ ನಿದರ್ಶನ.

ಹತ್ತೊಂಬತ್ತನೆಯ ಶತಮಾನದ ಸೈನಿಕ ವಾದ್ಯವೃಂದಗಳಲ್ಲಿ ಬಾಸ್ ಡ್ರಮ್, ಸ್ನೇರ್ ಡ್ರಮ್, ಕಂಚಿನ ತಾಳ ಇವುಗಳನ್ನು ಸಾಮಾನ್ಯವಾಗಿ ಬೇರೆ ಬೇರೆ ವಾದಕರು ನುಡಿಸುತ್ತಿದ್ದರು. ನಾಟಕಶಾಲೆ, ನೃತ್ಯಶಾಲೆಗಳಲ್ಲಿಯಾದರೋ ಸ್ಥಳವೂ ಕಡಮೆ, ಹಣವೂ ಕಡಮೆ. ಆದುದರಿಂದ ಒಬ್ಬನೇ ಎರಡು ಡ್ರಮ್ಮುಗಳನ್ನು ಪಕ್ಕದಲ್ಲಿರಿಸಿಕೊಂಡು ಕೋಲುಗಳಿಂದ ಬಾರಿಸುವ ಪದ್ಧತಿ ಬಂದಿತು. ಕೈಗಳ ಈ ಶ್ರಮದಲ್ಲಿ ಒಂದು ಪಾಲನ್ನು ಕಾಲಿಗೆ ವರ್ಗಾಯಿಸಿದುದೇ ಪೆಡಲು. ವಾದಕರು ತಾವೇ ಮಾಡಿಕೊಂಡ ಮರದ ಪೆಡಲುಗಳು ಮೊದಲೇ ಬಳಕೆಯಲ್ಲಿದ್ದವು. ಶೀಘ್ರಗತಿಗೆ ಒದಗುವ ಪೆಡಲನ್ನು ಷಿಕಾಗೋ ನಗರದ ವಿಲಿಯಂ ಲುಡ್ವಿಗ್ ೧೯೦೯ರಲ್ಲಿ ಸಿದ್ಧಪಡಿಸಿ, ಸೋದರನೊಡನೆ ಅದರ ತಯಾರಿಕೆಗೆ ತೊಡಗಿದನು.

೧೯೨೦ರ ದಶಕದಲ್ಲಿ ಎಡಗಾಲಿಗೂ ಕೆಲಸ ದೊರೆಯಿತು. ಕಾಲಿನಿಂದ ಎರಡು ತಾಳಗಳನ್ನು ಕೂಡಿಸುವ ತಗ್ಗಾದ ಉಪಕರಣವು ಕೈಗೆಟಕುವಷ್ಟು ಎತ್ತರಕ್ಕೆ ಬೆಳೆದು ಹೈ-ಹ್ಯಾಟ್ ಆಯಿತು. ಮೂಕಚಿತ್ರಗಳಿಗೆ ಬೇಕಾದ ಗಂಟೆ, ಸಿಳ್ಳು ಮೊದಲಾದವುಗಳೂ ಡ್ರಮ್ಮಿನ ಸುತ್ತ ಸೇರಿದ್ದವು. ೧೯೨೭ರಲ್ಲಿ ‘ದ ಜಾಸ್ ಸಿಂಗರ್’ ತೆರೆಕಂಡ ತರುವಾಯ ವಾಕ್ಚಿತ್ರಗಳು ಹರಡಿ, ಚಿತ್ರಮಂದಿರಗಳ ಸಾವಿರಾರು ವಾದಕರು ಕೆಲಸ ಕಳೆದುಕೊಂಡರು. ಹಲವರ ಕೆಲಸವನ್ನು ಒಬ್ಬನಿಗೊಪ್ಪಿಸಿದ ವ್ಯವಸ್ಥೆಗೆ ಅಲ್ಲಿ ಆ ಒಬ್ಬನೂ ಬೇಡವಾದನು. ಆ ಉಪಕರಣಗಳೂ ಕ್ರಮೇಣ ಮರೆಯಾದವು.

ಮುಂದಿನ ಬೆಳವಣಿಗೆ ನಡೆದುದು ನೃತ್ಯವೃಂದಗಳಲ್ಲಿ. ಚೀನೀ ಮಾದರಿಯ ಟಾಮ್‌ಟಾಮ್‌ಗಳಿಗೆ ಚರ್ಮವನ್ನು ಮೊಳೆ ಹೊಡೆದು ಬಿಗಿಯುತ್ತಿದ್ದುದರಿಂದ ಶ್ರುತಿ ಮಾಡುವುದು ಕಷ್ಟವಾಗಿತ್ತು. ೧೯೩೦ರ ದಶಕದ ಮಧ್ಯಭಾಗದಲ್ಲಿ ಜೀನ್ ಕ್ರೂಪಾನ ಸಹಯೋಗದಿಂದ ಸ್ಲಿಂಗರ್ಲೆಂಡ್ ಸಂಸ್ಥೆಯು ಎರಡು ಮುಖಗಳನ್ನೂ ಶ್ರುತಿಗೊಳಿಸಬಲ್ಲ ಟಾಮ್‌ಟಾಮ್‌ಗಳನ್ನು ತಯಾರಿಸಿತು. ೧೯೪೦ರ ದಶಕದಲ್ಲಿ ಕೆನ್ನಿ ಕ್ಲಾರ್ಕ್ ಮೊದಲಾದವರು ಲಯನಿರ್ವಹಣೆಯನ್ನು ಬಾಸ್ ಡ್ರಮ್ಮಿನಿಂದ ತಾಳಕ್ಕೆ ವರ್ಗಾಯಿಸಿದರು. ಸಣ್ಣ ವೃಂದಗಳಲ್ಲಿ ೧೮ ಅಂಗುಲದ ಬಾಸ್ ಡ್ರಮ್ಮೂ ಸಾಕೆನಿಸಿತು. ತೇವಕ್ಕೆ ಸಡಿಲವಾಗುವ ಕರುವಿನ ಚರ್ಮಕ್ಕೆ ಬದಲಾಗಿ ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆಗಳು ೧೯೫೦ರ ದಶಕದ ಉತ್ತರಾರ್ಧದಲ್ಲಿ ಬಂದವು.

ದಾಖಲೆಯಿದ್ದುದರಿಂದ ಲುಡ್ವಿಗ್ಗನ ಹೆಸರು ಉಳಿಯಿತು; ಅವನಿಗಿಂತ ಮೊದಲು ಮರದ ಪೆಡಲು ಕಟ್ಟಿಕೊಂಡ ವಾದಕರಲ್ಲಿ ಬಹುಮಂದಿಯ ಹೆಸರು ಉಳಿದಿಲ್ಲ. ಆದರೂ ಪೆಡಲಿನ ರಚನೆಯಲ್ಲಿ ಅವರ ಅಗತ್ಯವೂ ಯುಕ್ತಿಯೂ ಉಳಿದುಬಂದಿವೆ. ಆದಕಾರಣ ಇತಿಹಾಸದ ವಿದ್ಯಾರ್ಥಿಯು ಬರೆಹದ ಆಧಾರಗಳೊಡನೆ ವಸ್ತುವನ್ನೂ ಆಧಾರವೆಂದು ಪರಿಗಣಿಸುವುದು ಅವಶ್ಯಕ.